ಠಾಣೆಯಲ್ಲೇ ಉಳಿದ ಕೋವಿ

ನನ್ನ ಕಾಯಿಲೆಗೆ ಡಾಕ್ಟರು ಹೆಸರಿಡುವ ಮೊದಲೇ ಕುಮಟಾ ಪೇಟೆ ಹೆಸರಿಟ್ಟಿತ್ತು: ಬಳಚಿನ ಬಾಂಬು. ಈಗಲೂ ಮೀನುಪೇಟೆಯ ಹತ್ತಿರ ಹೋದರೆ ಹಿಂದಿನಿಂದ ಯಾರಾದರೊಬ್ಬರು ಮೆಲ್ಲಗೆ ಹಾಗೆ ಹೇಳಿ ಕಿಸಕ್ಕನೆ ನಗುತ್ತಾರೆ. ಮೊದಮೊದಲು ಸಿಟ್ಟು ನೆತ್ತಿಗೇರುತ್ತಿತ್ತು. ಈಗ ತಿರುಗಿ ನಿಂತು, "ಹೌದು ಮಾರಾಯ, ನಾನೇ, ಎಂತ ಆಗ್ಬೇಕಿತ್ತು?" ಎಂದು ಕೇಳುತ್ತೇನೆ. ಹೇಳಿದವನು ತನ್ನ ಚೀಲ ನೋಡಿಕೊಳ್ಳುತ್ತಾನೆ.

ನಾನು ಹೊಳನಗದ್ದೆಯವನು. ಕಾಲೇಜು ಅರ್ಧಕ್ಕೆ ಬಿಟ್ಟು ಸೈನ್ಯಕ್ಕೆ ಸೇರಿದೆ, ಹವಾಲ್ದಾರನಾಗಿ ನಿವೃತ್ತನಾದೆ, ಊರಿಗೆ ಬಂದು ಕುಮಟಾದ ಒಂದು ಬ್ಯಾಂಕಿನ ಬಾಗಿಲಲ್ಲಿ ಕೋವಿ ಹಿಡಿದು ಕೂತೆ. ಮಿಲ್ಟ್ರಿಯಿಂದ ಬಂದವರಿಗೆ ನಮ್ಮ ಕಡೆ ಸುಲಭವಾಗಿ ಸಿಗುವ ಕೆಲಸ ಅದೊಂದೇ. ಕೋವಿ ಬ್ಯಾಂಕಿನದ್ದಲ್ಲ, ನನ್ನದೇ. ಎರಡು ನಳಿಗೆಯದ್ದು, ನನ್ನ ಹೆಸರಿನ ಲೈಸೆನ್ಸಿನ ಮೇಲೆ ಕೊಂಡದ್ದು. ಸಂಜೆ ಕೆಲಸ ಮುಗಿದ ಮೇಲೆ ಅದೂ ನನ್ನ ಜೊತೆ ಮನೆಗೆ ಬರುತ್ತಿತ್ತು.

ಹೊನ್ನಾವರದಲ್ಲೋ ಕುಮಟಾದಲ್ಲೋ ನಾವು ಮಾಜಿ ಸೈನಿಕರು ಆಗಾಗ ಸೇರುತ್ತೇವೆ. ಮಂಡಿನೋವು, ಸಕ್ಕರೆ, ಕಿವಿ ಕೇಳದಿರುವುದು, ಎಲ್ಲವನ್ನೂ ಬಾಯ್ತುಂಬ ಮಾತಾಡುತ್ತೇವೆ. ಈ ಒಂದು ಕಾಯಿಲೆಯನ್ನು ಮಾತ್ರ ಯಾರೂ ಎತ್ತುವುದಿಲ್ಲ. ನನಗೆ ಆಗಿದ್ದಾಗ ಒಬ್ಬನಾದರೂ "ನಂಗೂ ಹಿಂಗೇ ಆಗಿತ್ತು" ಎಂದಿದ್ದರೆ ನಾನು ಇಷ್ಟು ಒದ್ದಾಡುತ್ತಿರಲಿಲ್ಲ. ಯಾರೂ ಹೇಳಲಿಲ್ಲ, ಅದಕ್ಕೆ ನಾನು ಹೇಳುತ್ತಿದ್ದೇನೆ.

ಬಳಚಿನ ಕತೆ ಇಷ್ಟು. ಬ್ಯಾಂಕಿನಲ್ಲಿ ಪಿಂಚಣಿಯವರ ಗದ್ದಲ ಇದ್ದ ದಿನ. ಅಘನಾಶಿನಿ ಕಡೆಯ ಒಬ್ಬ ಮುದುಕಿ ತನ್ನ ಚೀಲವನ್ನು ಬಾಗಿಲ ಹೊರಗೆ ಗೋಡೆಗೆ ಒರಗಿಸಿಟ್ಟು ಒಳಗೆ ಹೋದಳು. ಚೀಲದ ಬಾಯಿಗೆ ಒದ್ದೆ ಗೋಣಿ ಮುಚ್ಚಿತ್ತು. ನಾನು ಪಕ್ಕದಲ್ಲೇ ಸ್ಟೂಲಿನ ಮೇಲೆ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಚೀಲದೊಳಗೆ ಟಿಕ್ ಅಂದಿತು. ಮತ್ತೆ ಟಿಕ್. ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ, ಜನ ಹೇಳಿದ್ದನ್ನೇ ಹೇಳಬೇಕು. ನಾನು ಹಿಂದಿಯಲ್ಲಿ ಕಿರುಚತೊಡಗಿದೆನಂತೆ. ಇದ್ದಬದ್ದವರನ್ನೆಲ್ಲ ಹಿಂಬಾಗಿಲಿನಿಂದ ಹೊರಗಟ್ಟಿದೆನಂತೆ. ಮ್ಯಾನೇಜರ್ ಮೇಡಮ್ಮನ್ನು ಭುಜ ಹಿಡಿದು ನೆಲಕ್ಕೆ ಕೆಡವಿ, ಅವರ ಮೇಲೆ ಅಡ್ಡ ಮಲಗಿದೆನಂತೆ. ರಸ್ತೆಯಲ್ಲಿದ್ದ ಆಟೋದವನೊಬ್ಬ ಬಂದು ಗೋಣಿ ಎತ್ತಿ ನೋಡಿದ. ಚೀಲದ ತುಂಬ ಜೀವಂತ ಬಳಚು, ಹೊಳೆಯ ಕಪ್ಪೆಚಿಪ್ಪು. ಬಳಚನ್ನು ನೀರಿನಿಂದ ತೆಗೆದಿಟ್ಟರೆ ಚಿಪ್ಪು ತೆರೆದು ಮುಚ್ಚಿ ಹಾಗೆ ಸದ್ದು ಮಾಡುತ್ತದೆ. ನನಗೆ ಗೊತ್ತಿಲ್ಲದ ಸದ್ದೇನಲ್ಲ ಅದು. ನನ್ನ ಹೆಂಡತಿ ನಾಗವೇಣಿಯ ತವರು ಅಘನಾಶಿನಿಯೇ. ಹೊಳೆಯಲ್ಲಿ ಇಳಿತದ ಹೊತ್ತಿಗೆ ಸೊಂಟಮಟ್ಟ ನೀರಲ್ಲಿ ನಿಂತು ಬಳಚು ತೆಗೆಯುತ್ತಲೇ ಬೆಳೆದವಳು ಅವಳು. ಮದುವೆಯಾದಂದಿನಿಂದ ನಮ್ಮ ಅಡುಗೆಮನೆಯಲ್ಲಿ ಆ ಟಿಕ್ ಟಿಕ್ ಕೇಳಿದ್ದೇನೆ.

ಜನ ಬಿದ್ದು ಬಿದ್ದು ನಕ್ಕರು. ಯಾರೋ ಮೊಬೈಲಿನಲ್ಲಿ ಹಿಡಿದರು. ಮುದುಕಿ ಮಾತ್ರ ನಗಲಿಲ್ಲ. ಮೆಟ್ಟಿಲ ಮೇಲೆ ನಡುಗುತ್ತ ಕೂತಿದ್ದ ನನ್ನ ಹತ್ತಿರ ಬಂದು, ಮೀನುವಾಸನೆಯ ಕೈಯನ್ನು ನನ್ನ ತಲೆಯ ಮೇಲಿಟ್ಟು, "ಮಗಾ, ಹೆದರ್ಕಂಡ್ಯನಾ? ಎಂತ ಇಲ್ಲ, ಬಳಚು ಅದು, ಬಳಚು," ಎಂದಳು. ಹೆದರಿದೆಯಾ ಎಂದು ನನ್ನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಸಮವಸ್ತ್ರದಲ್ಲಿದ್ದ ಗಂಡಸು, ಮಡಿಲಲ್ಲಿ ಕೋವಿ ಇಟ್ಟುಕೊಂಡು ಅಲ್ಲೇ ಅತ್ತುಬಿಟ್ಟೆ.

ಮ್ಯಾನೇಜರ್ ಮೇಡಮ್ ದೂರು ಕೊಡಲಿಲ್ಲ. ಮೊಣಕೈ ತರಚಿಕೊಂಡಿದ್ದರೂ, "ಸ್ವಲ್ಪ ದಿನ ಆರಾಮ ತಗೊಳ್ಳಿ, ಆಮೇಲೆ ನೋಡುವಾ," ಎಂದರು. ಮತ್ತೆ ಆ ಬಾಗಿಲಿಗೆ ಹೋಗಲು ನನಗೇ ಮುಖವಿರಲಿಲ್ಲ, ಕೆಲಸ ಬಿಟ್ಟೆ. ಅಲ್ಲಿಂದ ಮುಂದೆ ಕೋವಿಯೂ ಇಡೀ ದಿನ ಮನೆಯಲ್ಲಿ, ನಾನೂ ಇಡೀ ದಿನ ಮನೆಯಲ್ಲಿ.

ಕಾಯಿಲೆ ಬಳಚಿನಿಂದ ಶುರುವಾದದ್ದಲ್ಲ ಎಂದು ಈಗ ತಿಳಿದಿದೆ. ಸೈನ್ಯದಲ್ಲಿ ನಮ್ಮ ತುಕಡಿಗೆ ಬಹಳ ಕಾಲ ಇದ್ದ ಕೆಲಸ ರಸ್ತೆ ತೆರೆಯುವುದು. ಕಾಶ್ಮೀರದಲ್ಲಿ ಬೆಳಗಾಗುವ ಹೊತ್ತಿಗೆ ನಾವು ರಸ್ತೆಗಿಳಿಯಬೇಕು. ವಾಹನಗಳು ಹೊರಡುವ ಮೊದಲು ನಮ್ಮ ಪಾಲಿನ ರಸ್ತೆಯಲ್ಲಿ ಎಲ್ಲಾದರೂ ಬಾಂಬು ಹುಗಿದಿದ್ದಾರೆಯೇ ಎಂದು ನಡೆದೇ ನೋಡಬೇಕು. ಮೋರಿ ಬಗ್ಗಿ ನೋಡುವುದು, ಹೊಸ ಮಣ್ಣು ಬಿದ್ದಿದೆಯೇ ನೋಡುವುದು, ನಿನ್ನೆ ಇಲ್ಲದ ಡಬ್ಬ, ಚೀಲ, ಕಲ್ಲುಗುಪ್ಪೆ ಇವತ್ತು ಇದ್ದರೆ ಅಲ್ಲೇ ನಿಲ್ಲುವುದು. ಎಲ್ಲ ನೋಡಿದ ಮೇಲೆ ವೈರ್‌ಲೆಸ್ಸಿನಲ್ಲಿ 'ಸಬ್ ಠೀಕ್' ಎಂದು ಹೇಳುವುದು. ಆಮೇಲೆ ರಸ್ತೆ ತೆರೆಯುತ್ತಿತ್ತು. ನನಗೆ ಆ ಕೆಲಸದಲ್ಲಿ ಒಳ್ಳೆಯ ಹೆಸರಿತ್ತು.

ಬೆಳಗಾವಿ ಕಡೆಯ ಮಾರುತಿ ಎಂಬವನು ನನ್ನ ಜೋಡಿ. ಇಬ್ಬರಿಗೂ ಕನ್ನಡ, ಹಾಗಾಗಿ ಇಡೀ ತುಕಡಿಯಲ್ಲಿ ನಾವು ಇಬ್ಬರೇ ಒಂದು ಊರಿನವರ ಹಾಗೆ. ಅವನು ಸತ್ತ ದಿನ ನಾನು ರಜೆಯ ಮೇಲೆ ಇಲ್ಲಿದ್ದೆ, ತಂಗಿಯ ಮದುವೆಯ ಊಟ ಬಡಿಸುತ್ತಿದ್ದೆ. ಆ ರಸ್ತೆಯಲ್ಲಿ, ಆ ಮೋರಿಯ ಹತ್ತಿರ, ನನ್ನ ಜಾಗದಲ್ಲಿ ಬೇರೆಯವನೊಬ್ಬ ನಡೆದಿದ್ದ. ನಾನಿದ್ದರೂ ಆ ಬಾಂಬು ಕಣ್ಣಿಗೆ ಬೀಳುತ್ತಿರಲಿಲ್ಲ ಎಂದು ಆಮೇಲೆ ಎಲ್ಲರೂ ಹೇಳಿದರು. ಅವರು ಹೇಳಿದ್ದು ಕಿವಿಗೆ ಕೇಳಿತು, ಅಷ್ಟೇ.

ಊರಿಗೆ ಬಂದ ಹೊಸತರಲ್ಲಿ ಚೆನ್ನಾಗಿಯೇ ಇದ್ದೆ. ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾಯಿತು ನೋಡಿ, ಅಲ್ಲಿಂದ ನನ್ನ ಗ್ರಹಚಾರ. ಗುಡ್ಡ ಒಡೆಯಲು ಮದ್ದು ಸಿಡಿಸುತ್ತಿದ್ದರು. ದಾರಿಯುದ್ದಕ್ಕೂ ಹೊಸ ಮಣ್ಣಿನ ರಾಶಿ, ಹೊಸ ಮೋರಿ. ಮಗಳು ಶ್ರುತಿಯನ್ನು ಕಾಲೇಜು ಬಸ್ಸಿಗೆ ಬಿಡಲು ಹೋಗುವಾಗ ನಾನು ಮುಂದೆ, ಅವಳು ಹಿಂದೆ. ಮೋರಿ ಬಂದರೆ ಕೈ ಎತ್ತಿ ಅವಳನ್ನು ನಿಲ್ಲಿಸಿ, ಕೆಳಗಿಳಿದು ಬಗ್ಗಿ ನೋಡಿ, ಆಮೇಲೆ ಬಾ ಎನ್ನುತ್ತಿದ್ದೆ. ಮೊದಮೊದಲು ಅವಳು ಅದನ್ನು ತಮಾಷೆ ಎಂದುಕೊಂಡಿದ್ದಳು. ಆಮೇಲೆ ಬಸ್ಸಿನ ಕಿಟಕಿಯಿಂದ ಗೆಳತಿಯರು ನೋಡತೊಡಗಿದರು. ಒಂದು ದಿನ ಅವಳು, "ಅಪ್ಪಾ, ನಾಳೆಯಿಂದ ನಾ ಒಬ್ಳೇ ಹೋಗ್ತೆ," ಎಂದಳು. ನಾನು ಬೈದೆ. ಅವಳು ಅತ್ತುಕೊಂಡು ಹೋದಳು, ನಾನು ಅವಳಿಗೆ ಕಾಣದ ಹಾಗೆ ಹಿಂದಿನಿಂದ ಹೋಗಿ ಮೋರಿ ನೋಡಿ ಬಂದೆ.

ನಿದ್ದೆ ಹೋಯಿತು. ಎದೆ ಡಬಡಬ ಹೊಡೆದುಕೊಳ್ಳುವುದು, ಅಂಗೈ ಬೆವರುವುದು, ಯಾರಾದರೂ ಹಿಂದಿನಿಂದ ಬಂದರೆ ಕೈ ಎತ್ತುವುದು ಶುರುವಾಯಿತು. ಎದೆಯ ಕಾಯಿಲೆಯೇ ಇರಬೇಕೆಂದು ಕುಮಟಾದಲ್ಲಿ ತೋರಿಸಿದೆವು, ಹೊನ್ನಾವರದಲ್ಲಿ ತೋರಿಸಿದೆವು. ಇಸಿಜಿ ಸರಿ, ರಕ್ತ ಸರಿ. ಅದರಲ್ಲಿ ಡಾಕ್ಟರುಗಳ ತಪ್ಪೇನೂ ಇಲ್ಲ. ಎದುರಿಗೆ ಡಾಕ್ಟರು ಕೂತ ಕೂಡಲೇ ನನ್ನ ಬೆನ್ನು ನೆಟ್ಟಗಾಗುತ್ತಿತ್ತು, ಕೈ ಮಂಡಿಯ ಮೇಲೆ ಬರುತ್ತಿತ್ತು. ಎಂತ ತೊಂದರೆ ಎಂದರೆ, "ಸಬ್ ಠೀಕ್ ಸರ್" ಎನ್ನುತ್ತಿದ್ದೆ. ನಿದ್ದೆ? ಠೀಕ್. ಊಟ? ಠೀಕ್. ಸೈನ್ಯದಲ್ಲಿ ಅನಾರೋಗ್ಯ ಎಂದು ಹೇಳಿಕೊಳ್ಳುವವನನ್ನು ಕೆಲಸಗಳ್ಳ ಎಂದೇ ನೋಡುತ್ತಿದ್ದೆವು. ನಾನೇ ಎಷ್ಟೋ ಜನ ಜವಾನರನ್ನು ಹಾಗೆ ಹಂಗಿಸಿದ್ದೇನೆ. ಆ ನಾಲಿಗೆ ಅಷ್ಟು ಬೇಗ ತಿರುಗುವುದಿಲ್ಲ.

ಬಳಚಿನ ಗಲಾಟೆಯಾದ ಮೇಲೆ ಹೊನ್ನಾವರದ ಡಾಕ್ಟರ ಮುಂದೆ ಮತ್ತೊಮ್ಮೆ ಕೂತಾಗ ನಾಗವೇಣಿಗೆ ತಡೆಯಲಾಗಲಿಲ್ಲ. ಅವಳು ಪರವೂರಿನವರೆದುರು ಬಾಯಿ ಬಿಡುವವಳೇ ಅಲ್ಲ. ಅವತ್ತು ಕುರ್ಚಿಯ ಹಿಂದೆ ನಿಂತವಳು ಹೇಳಿದಳು: "ಡಾಕ್ಟ್ರೇ, ಇವ್ರ ಮಾತು ಕೇಳ್ಬೇಡಿ. ಎಂತದೂ ಸರಿ ಇಲ್ಲ. ಮನ್ಸ ನಿದ್ದೆ ಮಾಡೂದಿಲ್ಲ, ನಮ್ಗೂ ಮಾಡುಕೆ ಬಿಡೂದಿಲ್ಲ. ಕುಕ್ಕರ್ ಸೀಟಿ ಹೊಡದ್ರೆ ಮಂಚದ ಅಡಿಗೆ ಹೋಗ್ತ್ರು." ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಡಾಕ್ಟರು ನನ್ನನ್ನು ಬಿಟ್ಟು ಅವಳ ಕಡೆ ತಿರುಗಿ ಕೂತರು. ಅರ್ಧ ಗಂಟೆ ಅವಳ ಮಾತನ್ನೇ ಕೇಳಿ, ಮಂಗಳೂರಿನ ಮಾನಸಿಕ ತಜ್ಞರೊಬ್ಬರ ಹೆಸರು ಬರೆದುಕೊಟ್ಟರು.

ಮಾನಸಿಕ ಎಂಬ ಶಬ್ದ ಕೇಳಿದ್ದೇ ನಾನು ಮನೆಗೆ ಬರುವವರೆಗೆ ಅವಳ ಜೊತೆ ಮಾತಾಡಲಿಲ್ಲ. ಮನೆಯಲ್ಲಿ ಆಯಿ ಬೇರೆಯೇ ನಿರ್ಧಾರಕ್ಕೆ ಬಂದಿದ್ದಳು. "ಗಡಿಲಿ ಎಲ್ಲೋ ಮೆಟ್ಟಬಾರ್ದನ್ನ ಮೆಟ್ಟಿದ್ದ ನನ್ ಮಗ," ಎಂದು ಊರ ಅಮ್ಮನಿಗೆ ಹರಕೆ ಹೊತ್ತಳು, ಕುತ್ತಿಗೆಗೆ ದಾರ ಕಟ್ಟಿಸಿದಳು. ಅಣ್ಣ, "ಯೋಗ ಮಾಡು, ಎಲ್ಲ ಹೋಗ್ತದೆ, ದಂಡಿನಲ್ಲಿದ್ದವ್ನಿಗೆ ಎಂತ ಹೆದ್ರಿಕೆ?" ಎಂದ. ಅವನಿಗೆ ನನ್ನ ಮೇಲೆ ಬಹಳ ಹೆಮ್ಮೆ ಇತ್ತು, ಅದಕ್ಕೇ ಅವನಿಂದ ಇದನ್ನು ನೋಡಲಾಗುತ್ತಿರಲಿಲ್ಲ. ನೆಂಟರು ಮನೆಗೆ ಬಂದರೆ, ನಿನ್ನ ಕಾರ್ಗಿಲ್ ಕತೆ ಹೇಳು ಎನ್ನುತ್ತಿದ್ದ. ನಾನು ಕಾರ್ಗಿಲ್ಲಿಗೆ ಹೋದವನೇ ಅಲ್ಲ.

ಮಂಗಳೂರಿಗೆ ಹೊರಡುವ ಮೊದಲಿನ ಆ ದಿನಗಳಲ್ಲಿ ಒಂದು ಬೆಳಿಗ್ಗೆ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ಆಯಿ ದೇವಸ್ಥಾನಕ್ಕೆ ಹೋಗಿದ್ದಳು, ನಾಗವೇಣಿ ಶೇಂಗಾ ಗದ್ದೆಗೆ. ಕೋವಿ ಒರೆಸಲು ಕಪಾಟಿನಿಂದ ತೆಗೆದೆ. ಒರೆಸಿ ಮುಗಿದ ಮೇಲೂ ಒಳಗಿಡಲಿಲ್ಲ. ನಾನೊಬ್ಬ ಇಲ್ಲದಿದ್ದರೆ ಇವರೆಲ್ಲ ನೆಮ್ಮದಿಯಾಗಿ ಇರುತ್ತಾರೆ ಎಂಬ ಯೋಚನೆ ಬಂತು. ಬಂದದ್ದು ಹೋಗಲಿಲ್ಲ. ಎಷ್ಟು ಹೊತ್ತು ಕೂತಿದ್ದೆನೋ, ಅಂಗಳದ ಬೇಲಿಯ ದಣಪೆ ಸರಿಸಿದ ಸದ್ದಾಯಿತು. ಗಡಬಡಿಸಿ ಕೋವಿ ಒಳಗಿಟ್ಟೆ. ನಾಗವೇಣಿ ಒಳಗೆ ಬಂದು ನನ್ನ ಬೆವರಿದ ಮುಖ ನೋಡಿದಳು, ಫ್ಯಾನ್ ಹಾಕಿದಳು, ಚಹಕ್ಕೆ ನೀರಿಟ್ಟಳು. ಅವಳಿಗೆ ಏನೂ ತಿಳಿಯಲಿಲ್ಲ ಎಂದುಕೊಂಡೆ.

ಮಂಗಳೂರಿನ ಆ ಆಸ್ಪತ್ರೆಯ ಕಾಯುವ ಜಾಗ ಉದ್ದನೆಯ ಓಣಿ. ಅಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ, ಎಲ್ಲರೂ ಗೋಡೆಯ ಮೇಲಿನ ಫ್ಯಾನು ನೋಡುತ್ತಾರೆ. ನನ್ನ ಪಕ್ಕ ಭಟ್ಕಳದ ಒಬ್ಬರು ಕೂತಿದ್ದರು. ಬಿಳಿ ಟೋಪಿ, ಒಳ್ಳೆಯ ಅತ್ತರಿನ ವಾಸನೆ, ದುಬೈಯಲ್ಲಿ ಬಹಳ ವರ್ಷ ಇದ್ದು ಬಂದವರಂತೆ. "ನೀವು ಎಲ್ಲಿಯವರು ಸಾಹೇಬ್ರೇ?" ಎಂದರು. ಕುಮಟಾ ಎಂದೆ. "ಅರೇ, ನಮ್ಮ ಕಡೆಯವರೇ!" ಎಂದು ಖುಷಿಯಾದವರು ಕೂಡಲೇ ಪೆಚ್ಚಾಗಿ, "ನಾನು ತಮ್ಮನ್ನ ತೋರಿಸ್ಲಿಕ್ಕೆ ಬಂದಿದ್ದು," ಎಂದರು. ನಾನೂ ಬಿಡಲಿಲ್ಲ, "ನಾನು ಗೆಳೆಯನೊಬ್ಬನ ಜೊತೆಗೆ ಬಂದದ್ದು," ಎಂದೆ. ತಮ್ಮನೂ ಇರಲಿಲ್ಲ, ಗೆಳೆಯನೂ ಇರಲಿಲ್ಲ. ನರ್ಸ್ ಅವರ ಹೆಸರನ್ನು ಕರೆದಾಗ ಎದ್ದು ನಿಂತು ನನ್ನನ್ನು ನೋಡಿ ನಕ್ಕರು. ಒಳಗೆ ಹೋಗಿ ಬಂದು ಮತ್ತೆ ನನ್ನ ಪಕ್ಕವೇ ಕೂತರು. "ಹೆದರಬೇಡಿ. ಡಾಕ್ಟರಮ್ಮ ಒಳ್ಳೆಯವರು. ಅಳು ಬಂದ್ರೆ ಅಳ್ಲಿಕ್ಕೆ ಬಿಡ್ತಾರೆ," ಎಂದು ಹೇಳಿ, ಕಿಸೆಯಿಂದ ಎರಡು ಖರ್ಜೂರ ತೆಗೆದು ನನಗೂ ನಾಗವೇಣಿಗೂ ಕೊಟ್ಟು ಹೋದರು.

ಡಾಕ್ಟರಮ್ಮ ಕಾಯಿಲೆಗೆ ಒಂದು ಉದ್ದನೆಯ ಇಂಗ್ಲಿಷ್ ಹೆಸರು ಹೇಳಿದರು. ಹೆಸರಿಗಿಂತ ನನಗೆ ಸಮಾಧಾನ ಕೊಟ್ಟದ್ದು ಅವರು ಮೋರಿಯ ವಿಷಯ ಕೇಳಿ ನಗದೇ ಇದ್ದದ್ದು. "ನೀವು ಇನ್ನೂ ರಸ್ತೆ ತೆರೀತಾ ಇದ್ದೀರಿ," ಎಂದರು. ಮಾತ್ರೆ ಕೊಟ್ಟರು. ತಿಂಗಳಿಗೊಮ್ಮೆ ಬಂದು ಮಾತಾಡಬೇಕೆಂದರು. ಸಾಯುವ ಯೋಚನೆ ಬಂದಿತ್ತೇ ಎಂದು ನೇರವಾಗಿ ಕೇಳಿದರು. ಇಲ್ಲ ಎಂದೆ. ನನ್ನನ್ನು ಹೊರಗೆ ಕೂರಿಸಿ ನಾಗವೇಣಿಯ ಹತ್ತಿರ ಬೇರೆ ಮಾತಾಡಿದರು. ಹೊರಗೆ ಬಂದವಳನ್ನು ಎಂತ ಕೇಳಿದರು ಎಂದರೆ, "ಊಟ ತಿಂಡಿ ವಿಷ್ಯ," ಎಂದಳು.

ಮಾತ್ರೆಯ ಮೊದಲ ದಿನಗಳು ಬಹಳ ಕೆಟ್ಟವು. ಹಗಲಿಗೂ ತೂಕಡಿಕೆ, ಬಾಯಿ ಒಣಗುವುದು, ಶರ್ಟಿನ ಗುಂಡಿ ಹಾಕಲೂ ಬೇಸರ. ಬೆಳಗ್ಗೆ ಎದ್ದು ಓಡುತ್ತಿದ್ದವನು ಜಗಲಿಯ ಮೇಲೆ ಗೋಡೆಗೊರಗಿ ಕೂತುಬಿಡುತ್ತಿದ್ದೆ. ದಾರಿಯಲ್ಲಿ ಹೋಗುವವರು, "ಎಂತ ಮಿಲ್ಟ್ರಿ, ಆರಾಮ ಇಲ್ವಾ?" ಎಂದರೆ ಒಳಗೆದ್ದು ಹೋಗುತ್ತಿದ್ದೆ. ಇಷ್ಟರಲ್ಲೇ ಚುನಾವಣೆ ಬಂತು.

ನಮ್ಮ ಜಿಲ್ಲೆಯಲ್ಲಿ ಚುನಾವಣೆ ಎಂದರೆ ಕೋವಿಗಳೆಲ್ಲ ಪೊಲೀಸ್ ಠಾಣೆ ಸೇರುವ ಕಾಲ. ಹಂದಿ, ಮಂಗ ಓಡಿಸಲು ಬೆಳೆಗಾರರು ಇಟ್ಟುಕೊಂಡ ಕೋವಿಗಳನ್ನೆಲ್ಲ ತಂದು ಠೇವಣಿ ಇಡಬೇಕು, ಫಲಿತಾಂಶ ಬಂದ ಮೇಲೆ ಒಯ್ಯಬೇಕು. ಬ್ಯಾಂಕಿನಲ್ಲಿದ್ದಾಗ ನನಗೆ ವಿನಾಯಿತಿ ಇತ್ತು, ಈಗ ಇಲ್ಲ. ಠಾಣೆಯಿಂದ ಫೋನ್ ಬಂತು. ಹೋದೆ. ಗುಡ್ಡದ ಕಡೆಯ ರೈತರು ಹಳೆ ಲುಂಗಿಯಲ್ಲಿ, ಹರಿದ ಚಾದರದಲ್ಲಿ ಸುತ್ತಿದ ಕೋವಿಗಳನ್ನು ಹಿಡಿದುಕೊಂಡು ಸಾಲಾಗಿ ನಿಂತಿದ್ದರು. ಅವರಲ್ಲೊಬ್ಬ ತನ್ನ ಕೋವಿಯನ್ನು ಗೋಡೆಗೊರಗಿಸಿ ಎಲೆಯಡಿಕೆ ಹಾಕುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು. ಸೈನ್ಯದಲ್ಲಿ ಆಯುಧವನ್ನು ಕೈಯಳತೆಯಿಂದ ದೂರ ಇಟ್ಟವನಿಗೆ ಅನ್ನ ಸಿಗುತ್ತಿರಲಿಲ್ಲ. ಕೈಗೆ ಕಟ್ಟಿಕೊಂಡೇ ಮಲಗುತ್ತಿದ್ದೆವು. ನನ್ನ ಸರದಿ ಬಂದಾಗ ಕೋವಿ ಬಿಟ್ಟ ಕೈ ಬರಿದಾಗಿ, ಎಲ್ಲಿಡಬೇಕೆಂದು ತಿಳಿಯದೆ ಕಿಸೆಯಲ್ಲಿಟ್ಟುಕೊಂಡು ಮನೆಗೆ ಬಂದೆ. ನಾಗವೇಣಿ ಬಾಗಿಲಲ್ಲೇ ನಿಂತಿದ್ದಳು. "ಕೊಟ್ಟು ಬಂದ್ರಾ?" ಎಂದಳು. ಹೌದು ಎಂದೆ. ಅವಳು ಒಳಗೆ ಹೋದಳು.

ಚುನಾವಣೆ ಮುಗಿಯಿತು, ಗೆದ್ದವರು ಗೆದ್ದರು. ನಾನು ಮರುದಿನವೇ ಠಾಣೆಗೆ ಹೋದೆ. ಹೆಡ್ ಕಾನ್‌ಸ್ಟೆಬಲ್, "ಸಾಹೇಬ್ರಿಲ್ಲ ಸರ್, ನಾಳೆ ಬನ್ನಿ," ಎಂದರು. ಮತ್ತೆ ಹೋದರೆ ಬೀರುವಿನ ಕೀಲಿ ಇದ್ದವರು ರಜೆಯಲ್ಲಿ. ಇನ್ನೊಮ್ಮೆ ಹೋದರೆ ಮೇಲಿನಿಂದ ಆದೇಶ ಬಂದಿಲ್ಲ. ನನ್ನ ಕಣ್ಣೆದುರೇ ರೈತರು ತಮ್ಮ ಕೋವಿ ಹೆಗಲಿಗೇರಿಸಿಕೊಂಡು ಹೊರಡುತ್ತಿದ್ದರು. ಹೆಡ್ ಕಾನ್‌ಸ್ಟೆಬಲ್ ನನ್ನ ಮುಖ ನೋಡುತ್ತಿರಲಿಲ್ಲ, ಚಹ ತರಿಸುತ್ತಿದ್ದರು. ಕಡೆಗೊಂದು ದಿನ ಮೇಜು ಗುದ್ದಿ ಕೇಳಿದೆ, "ದೇಶ ಕಾದವನಿಗೆ ಇಷ್ಟೇನಾ ಮರ್ಯಾದೆ?" ಅವರು ಕುರ್ಚಿಯಿಂದ ಎದ್ದು, ನನ್ನ ಕೈ ಹಿಡಿದು ಹೊರಗೆ ಮರದ ನೆರಳಿಗೆ ಕರೆದುಕೊಂಡು ಬಂದರು. "ಸರ್, ಮರ್ಯಾದೆ ಇದ್ದದ್ದಕ್ಕೇ ಸುಳ್ಳು ಹೇಳ್ತಾ ಇದ್ದದ್ದು. ನಿಮ್ಮ ಮನೆಯವ್ರು ಬಂದಿದ್ರು. ಕೋವಿ ಕೊಡಬೇಡಿ, ನಾ ಹೇಳಿದ್ದೂ ಹೇಳಬೇಡಿ ಅಂತ ಕೈಮುಗಿದು ಹೋದ್ರು. ಈಗ ನಾನೇ ಹೇಳಿಬಿಟ್ಟೆ. ಅವ್ರಿಗೆ ಬಯ್ಯಬೇಡಿ," ಎಂದರು.

ಬೈಕು ಹೇಗೆ ಓಡಿಸಿ ಮನೆಗೆ ಬಂದೆನೋ. ನಾಗವೇಣಿ ಹಿತ್ತಲ ಕಲ್ಲಿನ ಮೇಲೆ ಕೂತು ಮೀನು ಕೊಯ್ಯುತ್ತಿದ್ದಳು. ಬಾಯಿಗೆ ಬಂದ ಹಾಗೆ ಬೈದೆ. ನನ್ನ ಮಾನ ಬೀದಿಗೆ ತಂದೆ ಎಂದೆ. ನನ್ನನ್ನು ಪೊಲೀಸರ ಮುಂದೆ ಹುಚ್ಚನನ್ನಾಗಿ ಮಾಡಿದೆ ಎಂದೆ. ಅವಳು ಕತ್ತಿ ಕೆಳಗಿಟ್ಟಳು. ಎದ್ದು ನಿಲ್ಲಲಿಲ್ಲ.

"ಬೈದ್ ಆತಾ?" ಎಂದಳು. "ಈಗ ನಾ ಹೇಳ್ತೆ, ಕೇಳಿ. ಅವತ್ತು ಗದ್ದೆಯಿಂದ ಬಂದೆ ನೋಡಿ, ಮನೆ ತುಂಬ ಕೋವಿ ಎಣ್ಣೆ ವಾಸ್ನೆ. ನಿಮ್ ಮುಖದಲ್ಲಿ ರಕ್ತ ಇರ್ಲಿಲ್ಲ. ನಂಗೆ ಆಗ್ಲೇ ಗೊತ್ತಾತು. ಕೇಳುಕೆ ಧೈರ್ಯ ಬರ್ಲಿಲ್ಲ. ನೀವು ಗಡಿಲಿದ್ದಾಗ ಅಷ್ಟು ವರ್ಷ ಫೋನ್ ಬಂದ್ರೆ ಹೆದ್ರತಿದ್ದೆ. ಬಂದ್ರಲ್ಲ, ಇನ್ನು ಹೆದ್ರೂದು ಬೇಡ ಅಂದ್ಕಂಡೆ. ಈಗ ಅಂಗಳಕ್ಕೆ ಹೋಗುಕೂ ಹೆದ್ರಿಕೆ. ಬಟ್ಟೆ ಒಣಗ್ಸೂದು, ಒಳಗೆ ಬಂದು ನೋಡೂದು. ನೀರು ಸೇದೂದು, ಒಳಗೆ ಬಂದು ನೋಡೂದು. ಡಾಕ್ಟ್ರು ಕೇಳಿದ್ದೇ ಅದು, ಮನೇಲಿ ಕೋವಿ ಅದೆಯಾ ಅಂತ. ದೂರ ಇಡ್ಸಿ ಅಂದ್ರು. ನಿಮ್ ಹತ್ರ ಹೆಂಗೆ ಹೇಳೂದು? ಚುನಾವಣೆ ಬಂತು, ದೇವ್ರೇ ಕಳ್ಸಿದ ಅಂದ್ಕಂಡೆ. ಮಾನ ಹೋದ್ರೆ ಹೋಗ್ಲಿ. ನಂಗೆ ನೀವು ಬೇಕು."

ಇಷ್ಟು ಹೇಳಿ ಮೀನಿನ ಕೈಯಲ್ಲೇ ಮುಖ ಮುಚ್ಚಿಕೊಂಡಳು. ನಾನು ಅವಳೆದುರು ನೆಲದ ಮೇಲೆ ಕೂತೆ. ಆ ಬೆಳಿಗ್ಗೆಯ ವಿಷಯ, ಬಂದ ಯೋಚನೆ, ಅದು ಇನ್ನೂ ಆಗಾಗ ಬರುವುದು, ಎಲ್ಲವನ್ನೂ ಹೇಳಿದೆ. ಮಾರುತಿಯ ಹೆಸರನ್ನೂ ಅವಳೆದುರು ಅವತ್ತೇ ಮೊದಲು ಎತ್ತಿದ್ದು. ಬೆಕ್ಕು ಬಂದು ಮೀನು ಎತ್ತಿಕೊಂಡು ಹೋಯಿತು, ಇಬ್ಬರೂ ಓಡಿಸಲಿಲ್ಲ. ಮದುವೆಯಾಗಿ ಅಷ್ಟು ವರ್ಷ ಆದ ಮೇಲೆ ನಾವಿಬ್ಬರೂ ಎದುರುಬದುರು ಕೂತು ಮಾತಾಡಿದ್ದು ಅವತ್ತು. ಮಧ್ಯಾಹ್ನದ ಊಟಕ್ಕೆ ಸಾರು ಇರಲಿಲ್ಲ, ಆಯಿ ಗೊಣಗಿದಳು.

ಮುಂದಿನ ಸಲ ಮಂಗಳೂರಿಗೆ ಹೋದಾಗ ಡಾಕ್ಟರಮ್ಮ ಅದೇ ಪ್ರಶ್ನೆ ಕೇಳಿದರು. ಬಂದಿತ್ತು ಎಂದೆ. ಅವರು ಗಾಬರಿಯಾಗಲಿಲ್ಲ, ಬೈಯಲೂ ಇಲ್ಲ. ಆ ಯೋಚನೆ ಬಂದಾಗ ಯಾರಿಗೆ ಹೇಳುತ್ತೀರಿ ಎಂದು ಕೇಳಿದರು. ನಾಗವೇಣಿಗೆ, ಅವಳಿಲ್ಲದಿದ್ದರೆ ಅಣ್ಣನಿಗೆ, ಅವನೂ ಇಲ್ಲದಿದ್ದರೆ ಆಸ್ಪತ್ರೆಗೆ ಫೋನ್ ಎಂದು ಅಲ್ಲೇ ಮಾತಾಯಿತು. ಮಾತ್ರೆ ಬದಲಿಸಿದರು, ತೂಕಡಿಕೆ ಕಡಿಮೆಯಾಯಿತು. ಅಣ್ಣನಿಗೆ ವಿಷಯ ಹೇಳಿದ ದಿನ ಅವನು ತಟ್ಟನೆ ಎದ್ದು ಹೋದ. ನನಗೆ ಬೇಸರವಾಯಿತು. ಮಾರನೆಯ ದಿನದಿಂದ ಅವನು ದಿನಾ ಬೆಳಿಗ್ಗೆ ಪೇಪರ್ ಓದುವ ನೆಪದಲ್ಲಿ ನಮ್ಮ ಜಗಲಿಗೆ ಬಂದು ಕೂರತೊಡಗಿದ. ಅವನ ಮನೆಗೂ ಅದೇ ಪೇಪರ್ ಬರುತ್ತದೆ.

ಡಾಕ್ಟರಮ್ಮ ಕೊಟ್ಟ ಇನ್ನೊಂದು ಕೆಲಸ ಮಾತ್ರೆಗಿಂತ ಕಹಿ. ಮೋರಿ ನೋಡದೆ ದಾಟುವುದು. ಶ್ರುತಿ ಬಲಗೈ ಹಿಡಿದುಕೊಂಡಳು. ಮೊದಲ ದಿನ ಮೋರಿಯ ಹತ್ತಿರ ಕಾಲು ಎತ್ತಿಡಲಾಗಲಿಲ್ಲ, ವಾಪಸು ಬಂದೆವು. "ಇರ್ಲಿ ಅಪ್ಪ, ನಾಳೆ ನೋಡುವ," ಎಂದಳು. ಹಾಗೆ ಎಷ್ಟೋ ನಾಳೆಗಳಾದವು. ದಾಟಿದ ದಿನ ನನ್ನ ಬೆನ್ನೆಲ್ಲ ಬೆವರು. ಅವಳು ಬಸ್ಸು ಹತ್ತಿ ಕಿಟಕಿಯಿಂದ, ಗೆಳತಿಯರೆಲ್ಲ ಇದ್ದ ಕಿಟಕಿಯಿಂದಲೇ, ಕೈ ಬೀಸಿದಳು. ಪೂರ್ತಿ ಗುಣವಾಯಿತು ಎಂದು ನಾನು ಹೇಳುವುದಿಲ್ಲ. ಈಗಲೂ ಕೆಲವು ದಿನ ಕಣ್ಣು ತಾನಾಗಿ ಕೆಳಗೆ ಹೋಗುತ್ತದೆ. ದೀಪಾವಳಿಗೆ ಮನೆಯೊಳಗೆ ಕಿವಿಗೆ ಹತ್ತಿ ಇಟ್ಟುಕೊಂಡು ಕೂರುತ್ತೇನೆ. ಮಾತ್ರೆ ನಡೆದಿದೆ.

ಕೋವಿ ಮಾತ್ರ ಇನ್ನೂ ಠಾಣೆಯಲ್ಲಿತ್ತು. ಅದನ್ನು ಪೊಲೀಸರು ಹೆಂಡತಿಯ ಮಾತಿಗೆ ತಡೆದಿಟ್ಟದ್ದು, ನಾನು ಬಿಟ್ಟದ್ದಲ್ಲ. ಅದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಅದರ ಮಾತೆತ್ತುತ್ತಿರಲಿಲ್ಲ. ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ನಾನೇ, "ಹೊರಡು, ಠಾಣೆಗೆ ಹೋಗಿ ಬರುವ," ಎಂದೆ. ಅವಳ ಮುಖ ಬಿಳಿಚಿತು. ಲೈಸೆನ್ಸು ಬಿಟ್ಟುಕೊಡಲು ಎಂದು ಹೇಳಿದೆ. ಅವಳು ನಂಬಿದ ಹಾಗೆ ಕಾಣಲಿಲ್ಲ. ಬೈಕಿನ ಹಿಂದೆ ಕೂತು ದಾರಿಯುದ್ದಕ್ಕೂ ನನ್ನ ಶರ್ಟನ್ನು ಮುಷ್ಟಿಯಲ್ಲಿ ಹಿಡಿದಿದ್ದಳು.

ಅದೇ ಹೆಡ್ ಕಾನ್‌ಸ್ಟೆಬಲ್ ಇದ್ದರು. "ಯೋಚನೆ ಮಾಡಿದ್ರಾ ಸರ್? ಒಮ್ಮೆ ಬಿಟ್ರೆ ಮತ್ತೆ ಸಿಗೂದು ಕಷ್ಟ. ಕಾರಣ ಎಂತ ಹೇಳೂದು?" ಎಂದರು. ಠಾಣೆಯಲ್ಲಿ ನಾಲ್ಕಾರು ಜನ ಇದ್ದರು, ಬೆಂಚಿನ ಮೇಲೆ ನಮ್ಮೂರಿನವನೇ ಒಬ್ಬ. "ಮನಸ್ಸಿಗೆ ಆರಾಮ ಇಲ್ಲ, ಔಷಧ ನಡೀತಾ ಅದೆ. ಕೋವಿ ಮನೇಲಿ ಇರೂದು ಒಳ್ಳೇದಲ್ಲ," ಎಂದೆ. ನಮ್ಮೂರಿನವನು ಬೆಂಚಿನಲ್ಲಿ ಸ್ವಲ್ಪ ಸರಿದು ನಾಗವೇಣಿಗೆ ಕೂರಲು ಜಾಗ ಮಾಡಿದ. ಅವಳು ಕೂರಲಿಲ್ಲ, ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ನಂಬರು ನೋಡಲು ಕೋವಿಯನ್ನು ಒಳಗಿನಿಂದ ತಂದು ನನ್ನ ಕೈಗೆ ಕೊಟ್ಟರು. ಬಹಳ ದಿನಕ್ಕೆ ಮುಟ್ಟಿದ್ದು. ನಳಿಗೆ ತೆರೆದು ಖಾಲಿ ಇದೆಯೇ ನೋಡಿದೆ, ನಂಬರು ಓದಿ ಹೇಳಿದೆ. ಅದು ಭಾರವಾಗಿತ್ತು, ನನಗೆ ಬಿಡಲು ಮನಸ್ಸಿರಲಿಲ್ಲ, ಅದನ್ನು ಮುಚ್ಚಿಟ್ಟರೆ ಈ ಬರಹ ಸುಳ್ಳಾಗುತ್ತದೆ. ಕೊಟ್ಟೆ. ಸಹಿ ಹಾಕಿದೆ.

ಹೊರಗೆ ಬಂದು ಬೈಕಿನ ಹತ್ತಿರ ನಿಂತಾಗ ನಾಗವೇಣಿ, "ನಂಗೆ ಹಸಿವಾತು," ಎಂದಳು. ಎಷ್ಟು ಕಾಲದಿಂದ ಅವಳ ಬಾಯಲ್ಲಿ ಆ ಮಾತು ಕೇಳಿರಲಿಲ್ಲ ಎಂದು ಆಗ ಹೊಳೆಯಿತು. ಮನೆಯಲ್ಲಿ ಅವಳು ಉಣ್ಣುವುದನ್ನೂ ನಾನು ನೋಡಿರಲಿಲ್ಲ. ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲ್ಲಿಗೆ ಹೋದೆವು. ಬನ್ಸ್ ಹೇಳಿದಳು, ಮಿಸಳ್ ಹೇಳಿದಳು. ತಟ್ಟೆಯ ಮೇಲೆ ಬಗ್ಗಿ ತಿಂದಳು. ಇನ್ನೊಂದು ಪ್ಲೇಟ್ ಹೇಳ್ಲಾ ಎಂದೆ. ತುಂಬಿದ ಬಾಯಲ್ಲೇ ಹೂಂ ಎಂದಳು. ಎರಡನೆಯದನ್ನೂ ಮುಗಿಸಿ ಬೆರಳು ನೆಕ್ಕಿದಳು, ತಲೆ ಎತ್ತಿ ನನ್ನ ಒದ್ದೆ ಕಣ್ಣು ನೋಡಿದಳು.

"ಖಾರ ಆತಾ?" ಎಂದಳು.

ನಾನು ಇನ್ನೂ ಒಂದು ತುತ್ತೂ ಬಾಯಿಗೆ ಇಟ್ಟಿರಲಿಲ್ಲ.